ದತ್ತಸಂತತಿಯೂ ಜನ್ಮಭೂಮಿಯ ಋಣವೂ

ಕೊಟ್ಟುದನ್ನು ಮರಳಿ ಕೇಳಬಾರದೆಂಬುದು ದಾನಧರ್ಮದ ಮೊದಲನೆಯ ನಿಯಮ. ಗೋವನ್ನು ಕೊಟ್ಟವನು ಗೋವಿನ ಮೇಲೆಯೂ, ಭೂಮಿಯನ್ನು ಕೊಟ್ಟವನು ಭೂಮಿಯ ಮೇಲೆಯೂ ತನಗಿದ್ದ ಸ್ವತ್ವವನ್ನು ಧಾರೆಯ ನೀರಿನೊಡನೆ ಬಿಟ್ಟುಬಿಡುತ್ತಾನೆ. ಆದರೆ ಕೊಡಲ್ಪಟ್ಟ ವಸ್ತುವಿಗೇ ಮನಸ್ಸೊಂದು ಇದ್ದು, ಅದು ಕಾಲಾಂತರದಲ್ಲಿ ತಾನಾಗಿಯೇ ನಡೆದು ಬಂದು, ಕೊಟ್ಟವರ ಬಾಗಿಲ ಮುಂದೆ ನಿಂತು, ಇಲ್ಲಿ ದುಡಿದು ಬಾಳುವುದಕ್ಕೆ ಎಡೆಯುಂಟೆ ಎಂದು ಕೇಳಿದರೆ, ಆಗ ಹೇಳತಕ್ಕ ಉತ್ತರವೇನು? ಗೋವು ಹೀಗೆ ಕೇಳಲಾರದು, ಭೂಮಿಯೂ ಕೇಳಲಾರದು, ಮನುಷ್ಯಶಿಶುವು ಬೆಳೆದಮೇಲೆ ಕೇಳಬಲ್ಲುದು. ಕೂಸುಗಳಾಗಿದ್ದಾಗ ಪರದೇಶದ ದಂಪತಿಗಳಿಗೆ ದತ್ತಕವಾಗಿ ಹೋಗಿ, ಅಲ್ಲಿಯೇ ಬೆಳೆದು, ಅಲ್ಲಿಯ ಪ್ರಜೆಗಳಾಗಿ, ಈಗ ಹುಟ್ಟಿದ ನಾಡಿಗೆ ಉದ್ಯೋಗಕ್ಕಾಗಿ ಮರಳಲು ಬಯಸುವವರ ವಿಷಯದಲ್ಲಿ ಏಳುವ ಪ್ರಶ್ನೆಯು ಇದೇ. ಇದು ಮೇಲುನೋಟಕ್ಕೆ ವೀಸಾ ಕಚೇರಿಯ ಪ್ರಶ್ನೆ. ಒಳಹೊಕ್ಕು ನೋಡಿದರೆ ಧರ್ಮದ ಪ್ರಶ್ನೆ.

ವಿಷಯವು ಕಲ್ಪಿತವಾದುದಲ್ಲ. ಕಳೆದ ಶತಮಾನದ ಉತ್ತರಾರ್ಧದಲ್ಲಿ ಭಾರತದ ಅನೇಕ ನಗರಗಳ ಶಿಶುಗೃಹಗಳಿಂದ ಸ್ವೀಡನ್, ಹಾಲೆಂಡ್, ಜರ್ಮನಿ, ಸ್ವಿಟ್ಜರ್ಲೆಂಡ್, ಅಮೆರಿಕ ಮೊದಲಾದ ದೇಶಗಳಿಗೆ ಕೂಸುಗಳು ಹೋದವು, ಬೆಂಗಳೂರಿನಿಂದಲೂ ಹೋದವು. ಚಿಕ್ಕ ದೇಶವಾದ ಸ್ವಿಟ್ಜರ್ಲೆಂಡ್ ಒಂದಕ್ಕೇ 1973ರಿಂದ 2002ರವರೆಗೆ ಭಾರತದಿಂದ ಹೋದ ಮಕ್ಕಳ ಸಂಖ್ಯೆ 2,278. ಆ ಕಾಲದಲ್ಲಿ ಪರದೇಶೀಯರು ಇಲ್ಲಿಯೇ ದತ್ತಸ್ವೀಕಾರ ಮಾಡುವುದಕ್ಕೆ ತಕ್ಕ ಕಾನೂನು ಇರಲಿಲ್ಲ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾನೂನು ಹಿಂದೂಗಳಿಗೆ ಮಾತ್ರ ಅನ್ವಯಿಸತಕ್ಕುದು. ಆದಕಾರಣ 1890ರ ಪಾಲಕರ ಮತ್ತು ಪಾಲ್ಯರ ಕಾನೂನಿನ ಮೇರೆಗೆ ಪರದೇಶದ ದಂಪತಿಗಳನ್ನು ಕೋರ್ಟು ಮಗುವಿನ ಪಾಲಕರೆಂದು ನೇಮಿಸಿ, ಅದನ್ನು ತಮ್ಮ ದೇಶಕ್ಕೆ ಕರೆದೊಯ್ದು ಅಲ್ಲಿಯ ವಿಧಿಯಂತೆ ದತ್ತು ತೆಗೆದುಕೊಳ್ಳಲು ಅನುಮತಿಯನ್ನು ಕೊಡುತ್ತಿತ್ತು. ಈ ವ್ಯವಹಾರದಲ್ಲಿ ನಡೆಯುತ್ತಿದ್ದ ಅಕ್ರಮಗಳನ್ನು ಕುರಿತು ಲಕ್ಷ್ಮೀಕಾಂತ ಪಾಂಡೆ ಎಂಬ ವಕೀಲರು ಸುಪ್ರೀಂ ಕೋರ್ಟಿಗೆ ಬರೆದ ಪತ್ರವೇ ಅರ್ಜಿಯೆಂದು ಸ್ವೀಕೃತವಾಗಿ, ನ್ಯಾಯಮೂರ್ತಿ ಪಿ. ಎನ್. ಭಗವತಿಯವರು 1984ರಲ್ಲಿ ವಿಸ್ತಾರವಾದ ನಿಯಮಗಳನ್ನು ವಿಧಿಸಿದರು. 1990ರಲ್ಲಿ ಕೇಂದ್ರ ದತ್ತಕ ಸಂಸ್ಥೆಯು ಹುಟ್ಟಿತು. ಅಂತರರಾಷ್ಟ್ರೀಯ ದತ್ತಕವನ್ನು ಕುರಿತ 1993ರ ಹೇಗ್ ಒಪ್ಪಂದವನ್ನು ಭಾರತವು 2003ರಲ್ಲಿ ಅಂಗೀಕರಿಸಿತು. ಈಗ 2015ರ ಬಾಲನ್ಯಾಯ ಕಾನೂನೂ 2022ರ ದತ್ತಕ ನಿಯಮಾವಳಿಯೂ ಜಾರಿಯಲ್ಲಿವೆ.

ಇಲ್ಲಿ ಗಮನಿಸತಕ್ಕ ಒಂದು ಸಂಗತಿಯುಂಟು. 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮೊದಲು ಭಾರತದ ನೆಲದಲ್ಲಿ ಹುಟ್ಟಿದ ಶಿಶುವು, ಕೆಲವೇ ಅಪವಾದಗಳನ್ನು ಬಿಟ್ಟರೆ, ಹುಟ್ಟಿದ ಮಾತ್ರದಿಂದಲೇ ಭಾರತದ ಪೌರತ್ವವುಳ್ಳುದಾಗಿತ್ತು. ತಂದೆತಾಯಿಗಳು ಯಾರೆಂದು ಕೇಳಬೇಕಾದ ಅವಶ್ಯಕತೆಯೇ ಇರಲಿಲ್ಲ. ಆ ಕೂಸುಗಳು ವಿಮಾನವನ್ನು ಹತ್ತಿದಾಗ ಅವುಗಳ ಹೆಸರಿನಲ್ಲಿ ಇದ್ದುದು ಭಾರತದ ಪಾಸ್‌ಪೋರ್ಟ್. ನಾಡು ತನ್ನ ಪ್ರಜೆಯೆಂದು ಮುದ್ರೆಯೊತ್ತಿ ಕಳುಹಿಸಿತು. ಆ ಮುದ್ರೆಯ ಅರ್ಥವನ್ನು ಓದಲು ಅವಕ್ಕೆ ವಯಸ್ಸಾಗಿರಲಿಲ್ಲ, ಅಷ್ಟೆ.

ಅಂತಹ ಒಬ್ಬಳನ್ನು ಕಲ್ಪಿಸಿಕೊಳ್ಳಬಹುದು. ಆಕೆಗೆ ನಲವತ್ತು ವರ್ಷಗಳು ದಾಟಿವೆ. ಹೆಸರು ಉತ್ತರ ಯೂರೋಪಿನದು. ಮೈಬಣ್ಣವೂ ಕಣ್ಣೂ ಬಯಲುಸೀಮೆಯವು. ಬನ್ನೇರುಘಟ್ಟ ರಸ್ತೆಯ ಕಚೇರಿಯೊಂದರಲ್ಲಿ ಆಕೆಗೆ ಕೆಲಸ ಒದಗಿದೆ, ಜೆ. ಪಿ. ನಗರದಲ್ಲಿ ಬಾಡಿಗೆಯ ಮನೆಯನ್ನು ಹುಡುಕುತ್ತಿದ್ದಾಳೆ. ಜಯನಗರದ ಅಂಗಡಿಯಲ್ಲಿ ಹೂವಿನವಳು ಕನ್ನಡದಲ್ಲಿ ಬೆಲೆಯನ್ನು ಹೇಳಿದರೆ ಈಕೆಗೆ ತಿಳಿಯುವುದಿಲ್ಲ. ತಿಳಿಯದೆ ನಿಂತಾಗ ಹೂವಿನವಳು ಅಪನಂಬಿಕೆಯಿಂದ ಮುಖವನ್ನು ನೋಡುತ್ತಾಳೆ. ಪರಕೀಯಳಂತೆ ಕಾಣುವವಳಿಗೆ ಭಾಷೆ ಬಾರದಿದ್ದರೆ ಜನರು ಮನ್ನಿಸುತ್ತಾರೆ. ನಮ್ಮವಳಂತೆ ಕಾಣುವವಳಿಗೆ ಬಾರದಿದ್ದರೆ ಅದು ಅಹಂಕಾರವೆಂದು ಭಾವಿಸುತ್ತಾರೆ. ಹೆತ್ತ ನಾಡಿನಲ್ಲಿ ಆಕೆಗೆ ಆಗುವ ಮೊದಲನೆಯ ವ್ಯಥೆಯು ಕಾನೂನಿನದಲ್ಲ, ಇದು.

ಕಾನೂನಿನ ದಾರಿಗಳು ಮೂರು. ಮೊದಲನೆಯದು ಉದ್ಯೋಗ ವೀಸಾ. ಇದು ಯಾವ ಪರದೇಶೀಯನಿಗಾದರೂ ಸಲ್ಲುವ ದಾರಿ. ವಿಶೇಷ ನೈಪುಣ್ಯವುಳ್ಳವರಿಗೆ, ಇಲ್ಲಿಯವರೇ ಸಾಕಷ್ಟು ದೊರೆಯುವ ಕೆಲಸಗಳಿಗಲ್ಲದೆ, ಸಾಮಾನ್ಯವಾಗಿ ವರ್ಷಕ್ಕೆ 16.25 ಲಕ್ಷ ರೂಪಾಯಿಗಳಿಗೆ ಕಡಿಮೆಯಲ್ಲದ ವೇತನವಿರುವ ಹುದ್ದೆಗೆ ಅದು ಲಭಿಸುತ್ತದೆ. ನಿರ್ದಿಷ್ಟವಾದ ಸಂಸ್ಥೆಗೂ ನಿರ್ದಿಷ್ಟವಾದ ಕಾಲಕ್ಕೂ ಅದು ಕಟ್ಟುಬಿದ್ದುದು. ದೀರ್ಘಕಾಲದ ವೀಸಾ ಪಡೆದು ಬಂದವರು ವಿದೇಶೀಯರ ನೋಂದಣಿ ಕಚೇರಿಯಲ್ಲಿ ಹೆಸರನ್ನು ಬರೆಯಿಸಬೇಕು. ಎರಡನೆಯದು 2005ರಿಂದ ರೂಢಿಗೆ ಬಂದ ಸಾಗರೋತ್ತರ ಭಾರತೀಯ ನಾಗರಿಕರ ಚೀಟಿ, ಜನರು ಓ.ಸಿ.ಐ. ಎಂದು ಕರೆಯುವುದು ಇದನ್ನೇ. ಹಿಂದೊಮ್ಮೆ ಭಾರತದ ಪ್ರಜೆಯಾಗಿದ್ದು ಈಗ ಬೇರೆ ದೇಶದ ಪ್ರಜೆಯಾಗಿರುವವರಿಗೂ ಅವರ ಮೂರು ತಲೆಮಾರಿನ ಸಂತತಿಗೂ ಇದು ದೊರೆಯಬಹುದು. ಇದನ್ನು ಪಡೆದವರು ಆಜೀವವಾಗಿ ಬಂದು ಹೋಗಬಹುದು, ನೋಂದಣಿಯಿಲ್ಲದೆ ಎಷ್ಟು ಕಾಲವಾದರೂ ಇರಬಹುದು, ಖಾಸಗಿ ಉದ್ಯೋಗವನ್ನು ಕೈಕೊಳ್ಳಬಹುದು, ಆಯಾ ಶಾಸನಗಳ ನಿಯಮಕ್ಕೆ ಒಳಪಟ್ಟು ವೈದ್ಯರಾಗಿಯೂ ವಕೀಲರಾಗಿಯೂ ವೃತ್ತಿಯನ್ನು ನಡೆಸಬಹುದು, ಮನೆಯನ್ನು ಕೊಳ್ಳಬಹುದು. ವ್ಯವಸಾಯದ ಭೂಮಿಯನ್ನು ಕೊಳ್ಳಲಾಗದು, ಮತದಾನವಿಲ್ಲ, ಸರ್ಕಾರದ ನೌಕರಿಯು ಸಾಮಾನ್ಯವಾಗಿ ಇಲ್ಲ, ಪತ್ರಿಕಾವೃತ್ತಿ, ಸಂಶೋಧನೆ, ಮತಪ್ರಚಾರ ಮೊದಲಾದವಕ್ಕೆ ಪ್ರತ್ಯೇಕ ಅನುಮತಿ ಬೇಕು. ಮೂರನೆಯದು ಪೂರ್ಣ ಪೌರತ್ವಕ್ಕೆ ಮರಳುವುದು. ಓ.ಸಿ.ಐ. ಆಗಿ ಐದು ವರ್ಷಗಳನ್ನು ಕಳೆದು, ಅರ್ಜಿಗೆ ಮುಂಚೆ ಹನ್ನೆರಡು ತಿಂಗಳು ಇಲ್ಲಿಯೇ ವಾಸವಾಗಿದ್ದವರು ಅದನ್ನು ಕೇಳಬಹುದು. ಆದರೆ ಬೆಳೆದ ದೇಶದ ಪೌರತ್ವವನ್ನು ತ್ಯಜಿಸಬೇಕು.

ಹೀಗೆ ನೋಡಿದರೆ ಬಾಗಿಲು ಮುಚ್ಚಿಲ್ಲ. ಎರಡನೆಯ ದಾರಿಯು ಉದಾರವಾದುದೆಂದು ಒಪ್ಪಲೇಬೇಕು. ತೊಡಕಿರುವುದು ಹೊಸ್ತಿಲಿನಲ್ಲಿ. ತಾನು ಒಮ್ಮೆ ಈ ನಾಡಿನ ಪ್ರಜೆಯಾಗಿದ್ದೆನೆಂದು ಆಕೆಯೇ ಸಿದ್ಧಪಡಿಸಬೇಕು. ಅದಕ್ಕೆ ಹಳೆಯ ಪಾಸ್‌ಪೋರ್ಟ್ ಬೇಕು, ಇಲ್ಲವೆ ಕೋರ್ಟಿನ ಆಜ್ಞೆ ಬೇಕು, ಇಲ್ಲವೆ ಜನನದ ದಾಖಲೆ ಬೇಕು. ಸಾಕಿದ ತಾಯಿ ಇವನ್ನು ಪೆಟ್ಟಿಗೆಯಲ್ಲಿ ಕಾಪಾಡಿದ್ದರೆ ಕೆಲಸವು ಸುಗಮ. ಮನೆ ಬದಲಾಯಿಸುವಾಗ ಅವು ಕಳೆದುಹೋಗಿದ್ದರೆ, ಅಥವಾ ಆಕೆಯನ್ನು ಕಳುಹಿಸಿದ ಶಿಶುಗೃಹವೇ ಮುಚ್ಚಿಹೋಗಿದ್ದರೆ, ಆಕೆಯು ತನ್ನ ಹುಟ್ಟಿಗೆ ತಾನೇ ಸಾಕ್ಷಿಯನ್ನು ಹುಡುಕಬೇಕಾಗುತ್ತದೆ. ಲೋಕದಲ್ಲಿ ಯಾರೂ ತನ್ನ ಜನನಕ್ಕೆ ತಾನು ಸಾಕ್ಷಿಯಲ್ಲ. ಆ ಸಾಕ್ಷಿಯನ್ನು ಇತರರೇ ಹೇಳಬೇಕು. ಅರ್ಜಿಯ ನಮೂನೆಯು ತಂದೆಯ ಹೆಸರನ್ನೂ ತಾಯಿಯ ಹೆಸರನ್ನೂ ಕೇಳುತ್ತದೆ. ಎಲ್ಲರಿಗೂ ಅದು ಅರೆಗಳಿಗೆಯ ಬರವಣಿಗೆ. ಆಕೆಗೆ ಮಾತ್ರ ಅದು ಒಂದು ಜನ್ಮದ ಪ್ರಶ್ನೆ.

ಧರ್ಮವಿಚಾರಕ್ಕೆ ಬರುವುದಾದರೆ, ಮೊದಲು ಪೂರ್ವಿಕರು ಏನೆಂದು ನಿರ್ಣಯಿಸಿದ್ದರೆಂಬುದನ್ನು ನೋಡುವುದು ಯುಕ್ತ. ದತ್ತಪುತ್ರನಿಗೆ ಜನಕನ ಗೋತ್ರವೂ ಇಲ್ಲ, ರಿಕ್ಥವೂ ಇಲ್ಲವೆಂಬುದು ಮನುಸ್ಮೃತಿಯ ಅಭಿಪ್ರಾಯ. ಅವನು ಪಿಂಡವನ್ನು ಕೊಡತಕ್ಕದ್ದು ಸ್ವೀಕರಿಸಿದವನಿಗೆ. ಇಷ್ಟನ್ನೇ ನೋಡಿದವರು ಸಂಬಂಧವು ಬೇರುಸಹಿತ ಕಿತ್ತುಹೋಯಿತೆಂದು ತಿಳಿಯಬಹುದು. ಆದರೆ ಅದೇ ಶಾಸ್ತ್ರಸಂಪ್ರದಾಯವು ದತ್ತಕನಾದವನು ತನ್ನ ಜನಕಕುಲದ ಸಪಿಂಡರಲ್ಲಿ ವಿವಾಹವಾಗಕೂಡದೆಂದು ನಿಷೇಧಿಸಿತು. 1956ರ ಕಾನೂನು ಕೂಡ, ಹುಟ್ಟಿದ ಮನೆಯ ಎಲ್ಲ ಸಂಬಂಧಗಳೂ ಕಡಿದುವೆಂದು ಹೇಳಿದ ಬಾಯಿಂದಲೇ, ಆ ಮನೆಯಲ್ಲಿ ಉಳಿದಿದ್ದರೆ ಯಾರನ್ನು ಮದುವೆಯಾಗಲಾಗುತ್ತಿರಲಿಲ್ಲವೋ ಅವರನ್ನು ಈಗಲೂ ಆಗಲಾಗದೆಂದು ವಿಧಿಸಿತು. ಇದರ ತಾತ್ಪರ್ಯವೇನು? ಆಸ್ತಿಯ ಸಂಬಂಧವನ್ನು ಮಾತಿನಿಂದ ಕಡಿಯಬಹುದು. ರಕ್ತದ ಸಂಬಂಧವನ್ನು ಕಡಿಯಲಾಗದೆಂದು ಶಾಸ್ತ್ರಕಾರರಿಗೂ ಶಾಸನಕಾರರಿಗೂ ತಿಳಿದಿತ್ತು. ನಿಷೇಧಕ್ಕೆ ಮಾತ್ರ ಹುಟ್ಟನ್ನು ನೆನೆದು ಅನುಗ್ರಹಕ್ಕೆ ಅದನ್ನು ಮರೆಯುವುದು ನ್ಯಾಯವಲ್ಲ.

ಇನ್ನೊಂದು ಹಳೆಯ ಪದವು ಇಲ್ಲಿ ಉಪಯುಕ್ತವಾಗಿದೆ: ದ್ವ್ಯಾಮುಷ್ಯಾಯಣ. ಇಬ್ಬರು ತಂದೆಯರಿಗೆ ಮಗನಾದವನು ಎಂದು ಇದರ ಅರ್ಥ. ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ಮಿತಾಕ್ಷರವನ್ನು ಬರೆದ ವಿಜ್ಞಾನೇಶ್ವರನು ಕ್ಷೇತ್ರಜಪುತ್ರನ ಸಂದರ್ಭದಲ್ಲಿ ಈ ಭಾವನೆಯನ್ನು ವಿವರಿಸಿದನು. ಈಚಿನ ನಿಬಂಧಕಾರರು ಇದನ್ನು ದತ್ತಕನಿಗೂ ಅನ್ವಯಿಸಿದರು. ಕೊಟ್ಟವನೂ ಪಡೆದವನೂ, ಇವನು ನಮ್ಮಿಬ್ಬರ ಮಗ, ಎಂದು ಒಡಂಬಟ್ಟರೆ ಆ ಮಗನು ಎರಡು ಮನೆಗಳಿಗೂ ಸಲ್ಲುತ್ತಿದ್ದನು. 1956ರ ಕಾನೂನಿನಿಂದ ಈ ಪದ್ಧತಿಯು ನಿಂತಿತು. ಆದರೆ ಒಬ್ಬ ಮನುಷ್ಯನು ಒಂದೇ ಮನೆಗೆ ಸೇರಬೇಕೆಂಬುದು ಪ್ರಕೃತಿಯ ನಿಯಮವಲ್ಲವೆಂದೂ, ವ್ಯವಹಾರದ ಅನುಕೂಲಕ್ಕಾಗಿ ಮಾಡಿಕೊಂಡ ನಿಯಮವೆಂದೂ ಇದರಿಂದ ಸಿದ್ಧವಾಗುತ್ತದೆ.

ಈಗ ಪೂರ್ವಪಕ್ಷಗಳನ್ನು ಪರಿಶೀಲಿಸಬಹುದು. ಮೊದಲನೆಯ ಪೂರ್ವಪಕ್ಷ: ಕೊಟ್ಟದ್ದು ಕೊಟ್ಟಾಯಿತು, ಅನ್ನವನ್ನೂ ವಿದ್ಯೆಯನ್ನೂ ಪಡೆದದ್ದು ಅಲ್ಲಿ, ಇಲ್ಲಿ ಬಂದು ಹಕ್ಕನ್ನು ಕೇಳುವುದೇಕೆ? ಇದಕ್ಕೆ ಐತರೇಯ ಬ್ರಾಹ್ಮಣದ ಶುನಶ್ಶೇಫನ ಕಥೆಯನ್ನು ಪ್ರಮಾಣವಾಗಿ ತೋರಿಸುವವರುಂಟು. ಅಜೀಗರ್ತನು ನೂರು ಗೋವುಗಳಿಗಾಗಿ ನಡುವಣ ಮಗನಾದ ಶುನಶ್ಶೇಫನನ್ನು ಯಜ್ಞಪಶುವಾಗಿ ಮಾರಿದನು. ಯೂಪಕ್ಕೆ ಕಟ್ಟಲು ಮತ್ತೆ ನೂರನ್ನು, ಕೊಲ್ಲಲು ಮತ್ತೆ ನೂರನ್ನು ತೆಗೆದುಕೊಂಡನು. ದೇವತೆಗಳ ಕೃಪೆಯಿಂದ ಬಂಧಗಳು ಕಳಚಿದಮೇಲೆ ಬಾಲಕನು ವಿಶ್ವಾಮಿತ್ರನ ತೊಡೆಯ ಮೇಲೆ ಹೋಗಿ ಕುಳಿತನು. ತಂದೆಯು ಮರಳಿ ಕರೆದಾಗ, ನನಗಿಂತ ಮುನ್ನೂರು ಗೋವುಗಳು ನಿನಗೆ ಮಿಗಿಲಾದುವಲ್ಲವೆ, ಎಂದು ಹೋಗದೆ ಉಳಿದನು. ದೇವರಾತನೆಂಬ ಹೆಸರಿನಿಂದ ವಿಶ್ವಾಮಿತ್ರನ ಮಗನಾದನು. ಆದರೆ ಕಥೆಯನ್ನು ಸರಿಯಾಗಿ ಓದಬೇಕು. ಅಲ್ಲಿ ಮರಳಿ ಕೇಳಿದವನು ತಂದೆ, ನಿರಾಕರಿಸಿದವನು ಮಗ. ಕೊಟ್ಟವನು ಹಕ್ಕನ್ನು ಕಳೆದುಕೊಂಡನೆಂಬುದಕ್ಕೆ ಅದು ಪ್ರಮಾಣವೇ ಹೊರತು, ಕೊಡಲ್ಪಟ್ಟವನು ಕಳೆದುಕೊಂಡನೆಂಬುದಕ್ಕೆ ಅಲ್ಲ. ದಾನವು ದಾತನನ್ನು ಕಟ್ಟುತ್ತದೆ. ದಾನದಲ್ಲಿ ಮಾತನ್ನೇ ಆಡದಿದ್ದ ಶಿಶುವನ್ನು ಅದು ಹೇಗೆ ಕಟ್ಟೀತು? ಹೋಗುವುದೋ ಬರುವುದೋ ಎಂಬ ನಿರ್ಣಯವನ್ನು ಆ ಪುರಾತನ ಕಥೆಯು ಬಾಲಕನ ಬಾಯಿಗೇ ಬಿಟ್ಟಿತು.

ಇದಲ್ಲದೆ, ಕೊಟ್ಟದ್ದೆಲ್ಲವೂ ದತ್ತವಾಗುವುದಿಲ್ಲ. ನಾರದಸ್ಮೃತಿಯು ಮಗನನ್ನೂ ಹೆಂಡತಿಯನ್ನೂ ಅದೇಯಗಳ, ಎಂದರೆ ಕೊಡಬಾರದವುಗಳ, ಪಟ್ಟಿಯಲ್ಲಿ ಸೇರಿಸಿದೆ. ಭಯದಿಂದ ಕೊಟ್ಟದ್ದು, ಶೋಕದಿಂದ ಕೊಟ್ಟದ್ದು, ವಂಚನೆಗೆ ಒಳಗಾಗಿ ಕೊಟ್ಟದ್ದು ಅದತ್ತವೆಂದು, ಕೊಟ್ಟರೂ ಕೊಡದಂತೆಯೇ ಎಂದು, ಹೇಳಿದೆ. ಸ್ವಿಟ್ಜರ್ಲೆಂಡಿನ ಎರಡು ಪ್ರಾಂತಗಳು ಮಾಡಿಸಿ 2024ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ, ಪರೀಕ್ಷಿಸಿದ ಕಡತಗಳೊಳಗೆ ಹೆತ್ತವರ ಸಮ್ಮತಿಪತ್ರಗಳು ಕಾಣದೆ ಹೋದುವು. ಆ ಗ್ರಂಥದ ಹೆಸರೇ ತಾಯಿಯು ಅಜ್ಞಾತಳೆಂಬ ಅರ್ಥದ್ದು. ಮದುವೆಯಾಗದ ಬಸುರಿಗೆ ಊರಿನ ಭಯ, ಕೂಲಿಯವಳಿಗೆ ಹಸಿವಿನ ಶೋಕ. ಇಂತಹ ಕೊಡುಗೆಗಳು ದತ್ತವೋ ಅದತ್ತವೋ ಎಂದು ನಾರದನ ತಕ್ಕಡಿಯಲ್ಲಿ ತೂಗಿದರೆ ಅನೇಕರು ತಲೆತಗ್ಗಿಸಬೇಕಾದೀತು. ಈಗಿನ ಕಾನೂನು ಮಗುವನ್ನು ಒಪ್ಪಿಸಿದ ತಾಯಿಗೆ ಮನಸ್ಸನ್ನು ಬದಲಾಯಿಸಲು ಅರುವತ್ತು ದಿನಗಳ ಅವಕಾಶವನ್ನು ಕೊಟ್ಟಿರುವುದು ಈ ಹಳೆಯ ವಿವೇಕದ ಹೊಸ ರೂಪವೆಂದೇ ತಿಳಿಯಬೇಕು.

ಎರಡನೆಯ ಪೂರ್ವಪಕ್ಷ: ಭಾರತದ ಸಂವಿಧಾನವು ಎರಡು ಪೌರತ್ವಗಳನ್ನು ಒಪ್ಪುವುದಿಲ್ಲ, ಎಲ್ಲ ಪ್ರವಾಸಿಗಳಿಗೂ ಒಂದೇ ನಿಯಮವಿರುವಾಗ ದತ್ತಕರಿಗೆ ಮಾತ್ರ ವಿಶೇಷವೇಕೆ? ಈ ಆಕ್ಷೇಪವು ಗಟ್ಟಿಯಾದುದು, ಹಗುರವಾಗಿ ತಳ್ಳಿಹಾಕತಕ್ಕದ್ದಲ್ಲ. ಎರಡು ನಾಡುಗಳಿಗೆ ನಿಷ್ಠೆಯನ್ನು ಹಂಚುವವನು ಸಂಕಟದ ಕಾಲದಲ್ಲಿ ಯಾವುದಕ್ಕೆ ಸಲ್ಲುವನೆಂಬ ಶಂಕೆಯು ನಿರಾಧಾರವಲ್ಲ. ಆದರೆ ನಿಯಮದ ಮಾತನ್ನೇ ಓದಬೇಕು. ಸ್ವಂತ ಇಚ್ಛೆಯಿಂದ ಪರದೇಶದ ಪೌರತ್ವವನ್ನು ಪಡೆದವನು ಭಾರತದ ಪ್ರಜೆಯಲ್ಲವೆಂದು ಅದು ಹೇಳುತ್ತದೆ. ಇಚ್ಛೆಯೇ ಆ ನಿಯಮದ ಪ್ರಾಣ. ವಿದ್ಯೆಗಾಗಿಯೋ ಧನಕ್ಕಾಗಿಯೋ ಹಡಗನ್ನು ಹತ್ತಿದ ತರುಣನು ಲಾಭನಷ್ಟಗಳನ್ನು ತೂಗಿ ಪ್ರತಿಜ್ಞೆಯನ್ನು ಕೈಕೊಂಡನು. ತೊಟ್ಟಿಲಿನಲ್ಲಿ ಹೋದ ಕೂಸು ಏನನ್ನು ತೂಗಿತು? ಇಬ್ಬರಿಗೂ ಒಂದೇ ಚೀಟಿಯನ್ನು ಕೊಡುವುದು ಸಮತೆಯಂತೆ ಕಾಣುವುದಾದರೂ, ವಿಷಮರಾದವರನ್ನು ಸಮವಾಗಿ ಕಾಣುವುದೂ ಒಂದು ವೈಷಮ್ಯವೇ.

ಈ ಭೇದವನ್ನು ಶಾಸನವೂ ಒಂದೆಡೆ ಅರಿತಿದೆ. 1955ರ ಪೌರತ್ವ ಕಾನೂನಿನಲ್ಲಿ, ತಂದೆ ಅಥವಾ ತಾಯಿ ಭಾರತದ ಪೌರತ್ವವನ್ನು ತ್ಯಜಿಸಿದ್ದರಿಂದ ತನ್ನ ಪೌರತ್ವವನ್ನು ಕಳೆದುಕೊಂಡ ಅಪ್ರಾಪ್ತವಯಸ್ಕನು, ಪ್ರಾಯಕ್ಕೆ ಬಂದ ಒಂದು ವರ್ಷದೊಳಗೆ ಘೋಷಣೆಯನ್ನು ಮಾಡಿ ಅದನ್ನು ಮರಳಿ ಪಡೆಯಬಹುದೆಂಬ ವಿಧಿಯಿದೆ. ಹಿರಿಯರ ತ್ಯಾಗದಿಂದ ಕಿರಿಯನ ಹಕ್ಕು ಶಾಶ್ವತವಾಗಿ ನಾಶವಾಗಬಾರದೆಂಬುದೇ ಇದರ ಹೃದಯ. ಆದರೆ ದತ್ತಕಳಿಗೆ ಈ ವಿಧಿಯು ಒದಗುವುದಿಲ್ಲ. ಏಕೆಂದರೆ ಆಕೆಯ ಸಾಕುತಂದೆತಾಯಿಗಳು ಎಂದೂ ಭಾರತದ ಪ್ರಜೆಗಳಾಗಿರಲಿಲ್ಲ, ತ್ಯಜಿಸಲು ಅವರಲ್ಲಿ ಏನೂ ಇರಲಿಲ್ಲ. ವಿಧಿಯ ಹೃದಯವು ಆಕೆಯ ಕಡೆಗಿದೆ, ಅಕ್ಷರವು ಆಕೆಯನ್ನು ಮುಟ್ಟದು. ದಕ್ಷಿಣ ಕೊರಿಯಾ ದೇಶವು ಈ ಗಂಟನ್ನು ಬೇರೊಂದು ರೀತಿಯಲ್ಲಿ ಬಿಡಿಸಿತು. ಅಲ್ಲಿಂದ ಪರದೇಶಗಳಿಗೆ ಹೋದ ಮಕ್ಕಳು ಸುಮಾರು ಎರಡು ಲಕ್ಷವೆಂದು ಅಂದಾಜು. 1999ರ ಕಾನೂನಿನ ಮೂಲಕ ಅವರು ಮರಳಿ ಬಂದು ವಾಸಿಸಲು, ಉದ್ಯೋಗವನ್ನು ಹಿಡಿಯಲು ವಿಶೇಷ ವೀಸಾ ಏರ್ಪಟ್ಟಿತು. 2011ರಿಂದ, ಪರದೇಶದ ಪೌರತ್ವವನ್ನು ಕೊರಿಯಾದೊಳಗೆ ಪ್ರಯೋಗಿಸುವುದಿಲ್ಲವೆಂದು ವಚನವಿತ್ತವರಿಗೆ ಹುಟ್ಟಿದ ನಾಡಿನ ಪೌರತ್ವವನ್ನೂ ಕೂಡ ಪಡೆಯುವ ಮಾರ್ಗವು ತೆರೆಯಿತು. ಅದರಿಂದ ಆ ರಾಜ್ಯವು ಕುಸಿಯಲಿಲ್ಲ. ಭಾರತವು ಅದನ್ನೇ ಅನುಕರಿಸಬೇಕೆಂದಿಲ್ಲ. ಆದರೆ ಮಗುವಾಗಿ ಕಳುಹಿಸಲ್ಪಟ್ಟವನಿಗೆ, ದಾಖಲೆಯನ್ನು ಹುಡುಕುವ ಹೊರೆಯನ್ನು ನಾಡೇ ಹಂಚಿಕೊಳ್ಳುವಂತೆಯೂ, ಪ್ರಾಯಕ್ಕೆ ಬಂದಮೇಲೆ ಆರಿಸಿಕೊಳ್ಳಲು ಸಾವಕಾಶವಿರುವಂತೆಯೂ ಮಾಡುವುದು ನಿಷ್ಠೆಯ ತತ್ತ್ವಕ್ಕೆ ವಿರುದ್ಧವಾದುದಲ್ಲ.

ಮೂರನೆಯ ಪೂರ್ವಪಕ್ಷವೇ ಎಲ್ಲಕ್ಕಿಂತ ಕಠಿಣವಾದುದು. ಅದನ್ನು ಹೇಳತಕ್ಕವಳು ಈ ಚರ್ಚೆಯಲ್ಲಿ ಕಾಣಿಸಿಕೊಳ್ಳದವಳು. ನಲವತ್ತು ವರ್ಷಗಳ ಹಿಂದೆ ಕೂಸನ್ನು ಬಿಟ್ಟುಹೋದ ತಾಯಿಯು ಇಂದು ಯಾವುದೋ ಊರಿನಲ್ಲಿ ಅಜ್ಜಿಯಾಗಿರಬಹುದು. ಗಂಡನಿಗೆ ಆ ಸಂಗತಿಯು ತಿಳಿದಿಲ್ಲ, ಮಕ್ಕಳಿಗೆ ತಿಳಿದಿಲ್ಲ. ಬೆಂಗಳೂರಿಗೆ ಕೆಲಸಕ್ಕೆಂದು ಬಂದವಳು ಒಂದು ಭಾನುವಾರ ಬಸ್ಸನ್ನು ಹತ್ತಿ ಆ ಬಾಗಿಲಿಗೆ ಬಂದು ನಿಂತರೆ, ಒಬ್ಬಳ ನ್ಯಾಯವು ಮತ್ತೊಬ್ಬಳ ಸರ್ವನಾಶವಾಗದೆ? ಇದು ಭಾವಾವೇಶದಿಂದ ಉತ್ತರಿಸತಕ್ಕ ಪ್ರಶ್ನೆಯಲ್ಲ. 1984ರ ತೀರ್ಪು, ಮಗುವು ಪಕ್ವವಯಸ್ಸಿಗೆ ಬಂದಮೇಲೆ ಜನಕರ ವಿಷಯವನ್ನು ತಿಳಿಯಬಯಸಿದರೆ, ಹೇಳುವ ವಿವೇಚನೆಯನ್ನು ಸಾಕಿದವರಿಗೆ ಬಿಟ್ಟಿತು. ಈಗಿನ ನಿಯಮಾವಳಿಯು ಮೂಲಾನ್ವೇಷಣೆಯನ್ನು ದತ್ತಕರಿಗೆ ಅನುಮತಿಸಿ, ಹದಿನೆಂಟು ತುಂಬಿದವರು ತಾವೇ ಅರ್ಜಿಯನ್ನು ಸಲ್ಲಿಸಬಹುದೆಂದು ಹೇಳಿದೆ. ಆದರೆ ಆ ಹಕ್ಕು ಹೆತ್ತವರ ಗೌಪ್ಯವನ್ನು ಭಂಗಪಡಿಸಕೂಡದೆಂದೂ ಹೇಳಿದೆ.

ಇಲ್ಲಿ ವಿವೇಕವಿರುವುದು ಎರಡು ಬಾಗಿಲುಗಳನ್ನು ಬೇರೆಬೇರೆಯಾಗಿ ಕಾಣುವುದರಲ್ಲಿ. ನಾಡಿನ ಬಾಗಿಲು ಒಂದು. ತಾಯಿಯ ಮನೆಯ ಬಾಗಿಲು ಮತ್ತೊಂದು. ನಾಡು ಸಮಷ್ಟಿಯ ಸ್ವತ್ತು. ಅದರ ಬಾಗಿಲನ್ನು ಕಾನೂನು ತೆರೆಯಬಹುದು, ತೆರೆಯಬೇಕು. ಮನೆಯು ವ್ಯಕ್ತಿಯ ಸ್ವತ್ತು. ಅದರ ಅಗಳಿಯು ಒಳಗಿರುವವಳ ಕೈಯಲ್ಲಿ ಮಾತ್ರವಿರಬೇಕು. ಮಗಳ ಹಕ್ಕನ್ನು ಒಪ್ಪುವವರು ತಾಯಿಯ ಮೌನವನ್ನೂ ಒಪ್ಪಬೇಕು. ಏಕೆಂದರೆ ಅಂದು ಇಬ್ಬರೂ ಅಸಹಾಯರಾಗಿದ್ದವರೇ. ಆದರೆ ತಾಯಿಯ ಬಾಗಿಲು ತೆರೆಯದಿರಬಹುದೆಂಬ ಕಾರಣದಿಂದ ನಾಡಿನ ಬಾಗಿಲನ್ನೂ ಮುಚ್ಚುವುದು ತಪ್ಪಾದ ಅನುಮಾನ. ಹಾಗೆ ನೋಡಿದರೆ, ತಾಯಿ ಸಿಗದವಳಿಗೇ ನಾಡು ಹೆಚ್ಚು ಬೇಕು. ಹೆಸರನ್ನು ತಿಳಿಯದಿದ್ದರೂ, ಹೆತ್ತವಳು ಉಸಿರಾಡಿದ ಗಾಳಿಯಲ್ಲಿ, ಆಕೆ ಉಂಡ ಮುದ್ದೆಯನ್ನು ಉಂಡು, ಆಕೆ ಆಡಿದ ಮಾತನ್ನು ಕಲಿತು ಬಾಳುವುದು ಯಾರ ಗೌಪ್ಯವನ್ನೂ ಭಂಗಪಡಿಸದ ಒಂದು ಮೂಲಾನ್ವೇಷಣೆ. ದುಡಿಯಲು ಬರುವುದಕ್ಕೂ ಹುಡುಕಲು ಬರುವುದಕ್ಕೂ ಇರುವ ವ್ಯತ್ಯಾಸವು ಇದೇ. ಹುಡುಕಲು ಬಂದವರು ಸಿಗದಿದ್ದರೆ ಹಿಂದಿರುಗುತ್ತಾರೆ. ದುಡಿಯಲು ಬಂದವರು ನೆಲಕ್ಕೆ ತಮ್ಮ ಬೆವರನ್ನು ಕೊಟ್ಟು ಸಂಬಂಧವನ್ನು ಹೊಸದಾಗಿ ಸಂಪಾದಿಸುತ್ತಾರೆ.

ಇನ್ನು ನಾಲ್ಕನೆಯದು: ಹೀಗೆ ಮರಳಿ ಬರುವುದು ಸಾಕಿದವರಿಗೆ ಕೃತಘ್ನತೆಯಲ್ಲವೆ? ಭಾರತದ ಕಥಾಸಂಪ್ರದಾಯದಲ್ಲಿ ಇದಕ್ಕೆ ಎರಡು ನಿದರ್ಶನಗಳಿವೆ. ಕರ್ಣನು ಹೆತ್ತ ಕುಂತಿಯು ಕರೆದರೂ ಸಾಕಿದ ರಾಧೆಯನ್ನೂ ಅನ್ನವಿಕ್ಕಿದ ಒಡೆಯನನ್ನೂ ಬಿಡಲಿಲ್ಲ. ಕನ್ನಡದ ಆದಿಕವಿ ಪಂಪನು ತನ್ನ ಕಾವ್ಯಕ್ಕೆ ಅರ್ಜುನನನ್ನು ನಾಯಕನನ್ನಾಗಿ ಮಾಡಿಯೂ ಕರ್ಣನಿಗೆ ಹೃದಯವನ್ನು ತೆತ್ತನು. ಕೃಷ್ಣನಾದರೋ ನಂದಗೋಕುಲದಲ್ಲಿ ಬೆಳೆದು, ಮಾಡಬೇಕಾದ ಕೆಲಸವಿದೆಯೆಂದು ಮಥುರೆಗೆ ಬಂದನು. ಕರ್ಣನು ಉಳಿದುದರಿಂದ ಕೀರ್ತಿವಂತನಾದನು. ಕೃಷ್ಣನು ಬಂದುದರಿಂದ ಯಶೋದೆಯ ಮಾತೃತ್ವವು ಕುಗ್ಗಲಿಲ್ಲ. ಇಂದಿಗೂ ಲೋಕವು ಆಕೆಯನ್ನು ತಾಯಿಯೆಂದೇ ಹಾಡುತ್ತದೆ. ಕರ್ಣನ ದಾರಿಯಾಗಲಿ ಕೃಷ್ಣನ ದಾರಿಯಾಗಲಿ ನಿಂದ್ಯವಲ್ಲ. ಕೃತಜ್ಞತೆಯು ಬೇಲಿಯಲ್ಲ, ಸಾಕಿದವರು ಮಗುವನ್ನು ನಿಜವಾಗಿ ಸಾಕಿದ್ದರೆ, ಅದು ತಾನಾಗಿ ಹೋಗಿ ತಾನಾಗಿ ಬರುವಷ್ಟು ಬಲವನ್ನು ಅದಕ್ಕೆ ಕೊಟ್ಟಿರುತ್ತಾರೆ.

ಕಾನೂನು ಮಾಡತಕ್ಕದ್ದನ್ನು ಕಾನೂನು ಮಾಡಲಿ. ಗೃಹಸ್ಥರು ಮಾಡತಕ್ಕದ್ದೂ ಒಂದಿದೆ. ಬಾಡಿಗೆಯ ಮನೆಯನ್ನು ಕೇಳಿಕೊಂಡು ಬಂದವಳನ್ನು ಜಯನಗರದ, ಬನಶಂಕರಿಯ ಮನೆಗಳ ಯಜಮಾನರು ಕೇಳುವ ಪ್ರಶ್ನೆಗಳು ಪ್ರಸಿದ್ಧವಾದವು: ಯಾವ ಊರು? ಯಾರ ಮಗಳು? ಯಾವ ಜನ? ಕೇಳುವವರಲ್ಲಿ ಕೆಡುಕಿಲ್ಲ, ಪರಿಚಯದ ದಾರಿಯೇ ಅದು. ಆದರೆ ಈ ಮೂರು ಪ್ರಶ್ನೆಗಳಿಗೂ ಉತ್ತರವಿಲ್ಲದವಳೊಬ್ಬಳು ಮುಂದೆ ನಿಂತಾಗ, ಆ ಪ್ರಶ್ನೆಗಳಿಲ್ಲದೆಯೂ ಮನುಷ್ಯರನ್ನು ಬರಮಾಡಿಕೊಳ್ಳಬಲ್ಲೆವೆ ಎಂಬುದು ಕೇಳುವವರಿಗೇ ಪರೀಕ್ಷೆಯಾಗುತ್ತದೆ. ಈ ಬಡಾವಣೆಗಳಿಗಾದರೂ ಅಷ್ಟು ಹಳೆಯ ಕುಲವೇನಿದೆ? ಜಯನಗರಕ್ಕೆ ಅಡಿಗಲ್ಲು ಬಿದ್ದದ್ದು 1948ರಲ್ಲಿ. ಜೆ. ಪಿ. ನಗರವು ದೂರದ ಬಿಹಾರದ ಜಯಪ್ರಕಾಶ ನಾರಾಯಣರ ಹೆಸರನ್ನು ಹೊತ್ತಿದೆ. ಬನಶಂಕರಿಗೆ ಹೆಸರಿತ್ತ ದೇವಿಯ ಮೂಲಸ್ಥಾನವು ಬಾದಾಮಿಯ ಸಮೀಪದಲ್ಲಿದೆ. ಬಿ.ಟಿ.ಎಂ. ಬಡಾವಣೆಯ ಹೆಸರಂತೂ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳು ಇಂಗ್ಲಿಷಿನ ಮೂರು ಅಕ್ಷರಗಳೊಳಗೆ ಅಡಗಿ ಕುಳಿತುದು. ಅಲ್ಲಿ ವಾಸಿಸುವವರಲ್ಲಿಯೇ ಅನೇಕರಿಗೆ ಆ ಅಕ್ಷರಗಳ ಅರ್ಥವು ತಿಳಿಯದು. ಪರಭಾಷೆಯ ಹೆಸರಿನೊಳಗೆ ಇಲ್ಲಿಯ ಹುಟ್ಟನ್ನು ಅಡಗಿಸಿಕೊಂಡ ಬಡಾವಣೆಯನ್ನು ತನ್ನದೆಂದು ಒಪ್ಪಿದ ನಗರವು, ಅಂತಹುದೇ ಹೆಸರಿನ ಮನುಷ್ಯಳನ್ನು ಒಪ್ಪಲಾರದೆ?

ಆದುದರಿಂದ ನಿರ್ಣಯವನ್ನು ಹೀಗೆ ಹೇಳಬಹುದು. ದತ್ತಕಳಾಗಿ ಹೋದವಳು ಹುಟ್ಟಿದ ನಾಡಿನಿಂದ ಆಸ್ತಿಯನ್ನು ಕೇಳುತ್ತಿಲ್ಲ, ಗೋತ್ರವನ್ನು ಕೇಳುತ್ತಿಲ್ಲ, ಹೆತ್ತವಳ ಗುಟ್ಟನ್ನು ಬಲಾತ್ಕಾರದಿಂದ ಕೇಳುವ ಅಧಿಕಾರವು ಅವಳಿಗಿಲ್ಲ. ಅವಳು ಕೇಳುವುದು ದುಡಿಯುವುದಕ್ಕೆ ಎಡೆಯನ್ನು. ಅದನ್ನು ದಯೆಯೆಂದು ಕೊಡುವುದು ಒಂದು ಬಗೆ. ಋಣವೆಂದು ಸಲ್ಲಿಸುವುದು ಮತ್ತೊಂದು ಬಗೆ. ದಯೆಯಿಂದ ಕೊಟ್ಟುದನ್ನು ಹಿಂದಕ್ಕೆ ತೆಗೆದುಕೊಳ್ಳಬಹುದು. ಋಣವೆಂದು ಸಲ್ಲಿಸಿದುದನ್ನು ತೆಗೆದುಕೊಳ್ಳಲಾಗದು. ಹಸಿದ ಕೂಸಿಗೆ ಅನ್ನವಿಕ್ಕಲಾರದೆ ಅನ್ಯರ ಕೈಗೆ ಒಪ್ಪಿಸಿದ ನಾಡು, ಆ ಕೂಸು ಬೆಳೆದು ತನ್ನ ಅನ್ನವನ್ನು ತಾನೇ ದುಡಿದುಕೊಳ್ಳುತ್ತೇನೆಂದು ಬಂದಾಗ, ದಾನಿಯ ಪೀಠದಲ್ಲಿ ಕುಳಿತು ಮಾತನಾಡಲಾಗದು; ಸಾಲಗಾರನಂತೆ ಎದ್ದು ನಿಂತು ಬಾಗಿಲನ್ನು ತೆರೆಯಬೇಕು. ಪಿತೃಋಣ, ದೇವಋಣ, ಋಷಿಋಣಗಳನ್ನು ಕುರಿತು ಮಕ್ಕಳಿಗೆ ಬೋಧಿಸುವ ಮನೆಗಳು, ತಾವು ಮಕ್ಕಳಿಗೆ ಸಲ್ಲಿಸಬೇಕಾದ ಋಣವೂ ಒಂದುಂಟೆಂಬುದನ್ನು ನೆನೆಯುವುದು ಶ್ರೇಯಸ್ಕರ.